ನಿಂತ ಕಾರಿನ ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದು ಹೇಗೆ?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ರೋಕರ್ ಒಬ್ಬರು 2018ರ ಸ್ವಿಫ್ಟ್ ಡೀಸೆಲ್ ಗಾಡಿ ತೋರಿಸಿದ್ದಾರೆ. ಹಾವೇರಿ ನೋಂದಣಿ, ಒಬ್ಬರೇ ಮಾಲೀಕರು, 61,000 ಕಿ.ಮೀ. ಓಡಿದೆ. ಮುಂಭಾಗ ಪೂರ್ತಿ ಜಜ್ಜಿಹೋಗಿದೆ. ಎಡಗಡೆಯ ಮುಂದಿನ ಚಕ್ರ ಹಿಂದಕ್ಕೆ ಸರಿದು ಮಡ್‌ಗಾರ್ಡಿನ ಹಿಂಬದಿಗೆ ಒತ್ತಿಕೊಂಡಿದೆ. ಎರಡೂ ಏರ್‌ಬ್ಯಾಗ್ ಹೊರಗೆ ಬಂದಿವೆ. ಡ್ರೈವರ್ ಸೀಟಿನ ಬೆಲ್ಟ್ ಜೋತುಬಿದ್ದಿದೆ. ಎಳೆದರೆ ಬರುವುದಿಲ್ಲ, ಬಿಟ್ಟರೆ ಒಳಗೂ ಹೋಗುವುದಿಲ್ಲ. ಮುಂದಿನ ಗಾಜಿನ ಎಡಭಾಗದಲ್ಲಿ ಜೇಡರ ಬಲೆಯಂಥ ಬಿರುಕು. ರಾತ್ರಿ ಮನೆ ಮುಂದೆ ನಿಲ್ಲಿಸಿದ್ದಾಗ ಕಬ್ಬಿನ ಟ್ರೇಲರ್ ರಿವರ್ಸ್ ಬಂದು ಗುದ್ದಿತು, ನೋ ಕ್ಲೇಮ್ ಬೋನಸ್ ಹೋಗುತ್ತದೆಂದು ಮಾಲೀಕರು ವಿಮೆ ಕೇಳಲಿಲ್ಲ, ಈಗ ಅವರು ಮಸ್ಕತ್‌ನಲ್ಲಿದ್ದಾರೆ, ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಟ್ಟು ಹೋಗಿದ್ದಾರೆ ಎನ್ನುತ್ತಾರೆ ಬ್ರೋಕರ್. ಇಂಥದೇ ಒಳ್ಳೆಯ ಗಾಡಿ ನಮ್ಮ ಕಡೆ 5 ಲಕ್ಷದ ಆಸುಪಾಸಿನಲ್ಲಿದೆ. ಇದಕ್ಕೆ 1.75 ಲಕ್ಷ ಕೇಳುತ್ತಿದ್ದಾರೆ. ನಮ್ಮ ಟಿಂಕರಿಂಗ್ ಮೇಸ್ತ್ರಿ 1.40 ಲಕ್ಷದಲ್ಲಿ ಹೊಸದರಂತೆ ಮಾಡಿಕೊಡುತ್ತೇನೆ ಎಂದಿದ್ದಾನೆ. 10,000 ರೂಪಾಯಿ ಮುಂಗಡ ಕೊಟ್ಟಾಗಿದೆ. ಆದರೆ ಕಥೆ ಯಾಕೋ ಗಂಟಲಲ್ಲಿ ಇಳಿಯುತ್ತಿಲ್ಲ. ಕೊಳ್ಳಬಹುದೇ?

ಉತ್ತರ: ಕಥೆ ಗಂಟಲಲ್ಲಿ ಇಳಿಯದಿರಲು ಕಾರಣವಿದೆ. ಬ್ರೋಕರ್ ಹೇಳಿದ್ದಕ್ಕೂ ನೀವು ಬರೆದಿರುವ ಗಾಯಗಳಿಗೂ ತಾಳೆ ಬೀಳುವುದಿಲ್ಲ. ಹಾಗೆಂದು ಬ್ರೋಕರನ್ನೇ ಸುಳ್ಳುಗಾರ ಎನ್ನುವ ಅವಸರ ಬೇಡ; ತನಗೆ ಹೇಳಿದ್ದನ್ನೇ ಅವರು ನಿಮಗೆ ದಾಟಿಸಿರಬಹುದು. ನಿಜವಾಗಿ ಏನಾಯಿತು ಎಂದು ತಿಳಿಯುವುದೇ ನಿಮಗೆ ಮುಖ್ಯ. ವಿಮೆ ಕಂಪನಿ ಕ್ಲೇಮ್ ತಿರಸ್ಕರಿಸಿದ್ದನ್ನು ಮುಚ್ಚಿಡಲು ಹುಟ್ಟಿದ ಕಥೆಯಾಗಿದ್ದರೆ ಅದು ಬರೀ ದುಡ್ಡಿನ ಲೆಕ್ಕ. ಯಾರಿಗೋ ಪೆಟ್ಟಾಗಿ ಕೇಸು ನಡೆಯುತ್ತಿದ್ದರೆ, ದುಡ್ಡು ಕೊಟ್ಟು ಗಾಡಿ ತಂದು ಅಂಗಡಿ ಮುಂದೆ ನಿಲ್ಲಿಸಿದರೂ ಅದು ನಿಮ್ಮದಾಗುವುದಿಲ್ಲ.

ಮೊದಲು ಏರ್‌ಬ್ಯಾಗ್ ನೋಡೋಣ. ಅವುಗಳನ್ನು ನಡೆಸುವ ಎಸ್‌ಆರ್‌ಎಸ್ ಮಾಡ್ಯೂಲ್ ಎಂಬ ಪುಟ್ಟ ಪೆಟ್ಟಿಗೆ ಸಾಮಾನ್ಯವಾಗಿ ಎರಡು ಮುಂದಿನ ಸೀಟುಗಳ ನಡುವಿನ ಉಬ್ಬಿನ ಮೇಲೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಬೋಲ್ಟ್ ಆಗಿ ಕೂತಿರುತ್ತದೆ. ಇಗ್ನಿಷನ್ ಆನ್ ಇದ್ದರಷ್ಟೇ ಅದು ಎಚ್ಚರವಾಗಿರುತ್ತದೆ. ಕೀಲಿ ತೆಗೆದು ನಿಲ್ಲಿಸಿದ ಕಾರಿಗೆ ಲಾರಿಯೇ ಬಂದು ಗುದ್ದಿದರೂ ಬ್ಯಾಗ್ ಬಿಚ್ಚಿಕೊಳ್ಳುವುದಿಲ್ಲ. ಇಲ್ಲಿ ಒಂದು ತಪ್ಪು ತಿಳಿವಳಿಕೆಯೂ ಇದೆ: ಕಾರು ಓಡುತ್ತಿದ್ದರೆ ಮಾತ್ರ ಏರ್‌ಬ್ಯಾಗ್ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಸೆನ್ಸರ್ ಸ್ಪೀಡೋಮೀಟರ್ ನೋಡಿ ತೀರ್ಮಾನ ಮಾಡುವುದಿಲ್ಲ; ಬಾಡಿಯ ವೇಗ ಎಷ್ಟು ಥಟ್ಟನೆ ಬದಲಾಯಿತು ಎಂಬುದನ್ನು ಅಳೆಯುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ಆನ್ ಇಟ್ಟು ನಿಂತ ಕಾರಿಗೆ ಎದುರಿನಿಂದ ಜೋರಾಗಿ ಗುದ್ದಿದರೆ ಬ್ಯಾಗ್ ಬರಬಹುದು. ಆದ್ದರಿಂದ ಮಾಲೀಕರು "ಕೀಲಿ ಆನ್ ಇತ್ತು" ಎಂದು ತಿದ್ದಿ ಹೇಳಲೂಬಹುದು. ಆಗ ಕೇಳಬೇಕಾದ್ದು: ರಾತ್ರಿ ಹೊತ್ತು, ಮನೆ ಮುಂದೆ, ಕೀಲಿ ಆನ್ ಮಾಡಿಕೊಂಡು ಒಳಗೆ ಕೂತಿದ್ದವರು ಯಾರು?

ಅದಕ್ಕೆ ನೀವು ಬರೆದ ಸೀಟ್ ಬೆಲ್ಟೇ ಉತ್ತರ ಹೇಳುತ್ತಿದೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಒಂದು ಸಾಲು. ಈ ಕಾರಿನ ಮುಂದಿನ ಬೆಲ್ಟ್‌ಗಳಲ್ಲಿ ಪ್ರೀಟೆನ್ಷನರ್ ಇದೆ. ಗುದ್ದಿದ ಗಳಿಗೆಯಲ್ಲಿ ಒಂದು ಸಣ್ಣ ಮದ್ದು ಸಿಡಿದು ಬೆಲ್ಟನ್ನು ಬಿಗಿಯಾಗಿ ಎಳೆಯುತ್ತದೆ, ಆಮೇಲೆ ರೀಲ್ ಅಲ್ಲೇ ಕಚ್ಚಿಕೊಂಡುಬಿಡುತ್ತದೆ. ಸೀಟು ಖಾಲಿ ಇದ್ದರೆ, ಅಥವಾ ಕೂತವರು ಬೆಲ್ಟ್ ಹಾಕಿರದಿದ್ದರೆ, ಪಟ್ಟಿ ಪಿಲ್ಲರ್‌ಗೆ ಅಂಟಿಕೊಂಡು ಸುತ್ತಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. ನಿಮ್ಮ ಗಾಡಿಯಲ್ಲಿ ಅದು ಹೊರಗೆ ಬಂದ ಸ್ಥಿತಿಯಲ್ಲಿ ಕಚ್ಚಿಕೊಂಡು ಜೋತುಬಿದ್ದಿದೆ. ಎಂದರೆ ಗುದ್ದುವಾಗ ಅದು ಒಬ್ಬರ ಮೈಮೇಲಿತ್ತು. ಖಾತ್ರಿ ಮಾಡಿಕೊಳ್ಳಬೇಕಿದ್ದರೆ ಬೆಲ್ಟನ್ನು ಬೆಳಕಿಗೆ ಹಿಡಿದು ನೋಡಿ. ಭುಜದ ಮೇಲಿನ ಬಳೆ ಮತ್ತು ಬಕಲ್‌ನ ನಾಲಿಗೆ ಹಾದುಹೋಗುವ ಜಾಗದಲ್ಲಿ ನೇಯ್ಗೆ ಸವೆದು ಮಿರುಗುತ್ತದೆ; ಬಳೆಯ ಪ್ಲಾಸ್ಟಿಕ್ ಕರಗಿ ಪಟ್ಟಿಗೆ ಬಳಿದಂತೆ ಅಂಟಿರುವುದೂ ಉಂಟು. ಕೈಯಲ್ಲಿ ಎಳೆದಾಡಿದರೆ ಅಂಥ ಗುರುತು ಬೀಳುವುದಿಲ್ಲ, ಮನುಷ್ಯನ ಭಾರವೇ ಬೀಳಬೇಕು. ಎಡಗಡೆಯ ಬೆಲ್ಟನ್ನೂ ಹೀಗೇ ನೋಡಿ.

ಗಾಜಿನ ವಿಚಾರದಲ್ಲಿ ಸ್ವಲ್ಪ ತಾಳ್ಮೆ ಬೇಕು. ಎಡಗಡೆಯ ಏರ್‌ಬ್ಯಾಗ್ ಡ್ಯಾಶ್‌ಬೋರ್ಡ್ ಮೇಲಿನಿಂದ ಚಿಮ್ಮುವಾಗ ಗಾಜಿಗೆ ಬಡಿದು ಬಿರುಕು ಬಿಡಿಸುವುದು ಸಾಮಾನ್ಯ. ಅಂಥ ಬಿರುಕು ಗಾಜಿನ ಕೆಳಭಾಗದಲ್ಲಿರುತ್ತದೆ, ಅಗಲವಾಗಿ ಹರಡಿರುತ್ತದೆ. ಬಲೆಯ ನಡುಬಿಂದು ಕೂತವರ ಹಣೆಯ ಎತ್ತರದಲ್ಲಿದ್ದು ಗಾಜು ಹೊರಕ್ಕೆ ಉಬ್ಬಿದ್ದರೆ ಒಳಗಿನಿಂದ ತಲೆ ಬಡಿದಿದೆ. ಗಾಜು ಒಳಕ್ಕೆ ತಗ್ಗಾಗಿದ್ದು ಬಾನೆಟ್ ಮೇಲೂ ದುಂಡನೆಯ ಗುಳಿ ಇದ್ದರೆ ಹೊರಗಿನಿಂದ ಏನೋ, ಯಾರೋ ಬಂದು ಬಿದ್ದಿದ್ದಾರೆ: ಪಾದಚಾರಿಯೋ, ಬೈಕ್ ಸವಾರನೋ. ಅಂಗೈಯನ್ನು ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಸವರಿದರೆ ಉಬ್ಬು ಯಾವ ಕಡೆಗೆ ಎಂದು ತಿಳಿಯುತ್ತದೆ. ಬಿರುಕಿನಲ್ಲಿ ಕೂದಲು ಸಿಕ್ಕಿಕೊಂಡಿದೆಯೇ ಎಂದೂ ನೋಡಿ. ಹೇಳಲು ಕಷ್ಟವಾಗುವ ಮಾತು ಇದು, ಆದರೂ ನೋಡಲೇಬೇಕು.

ಇನ್ನು ಗುದ್ದಿನ ಎತ್ತರ. ಕಬ್ಬಿನ ಟ್ರೇಲರ್‌ನ ಹಿಂಬದಿ ಚೌಕಟ್ಟು ಸಾಮಾನ್ಯವಾಗಿ ಕಾರಿನ ಬಂಪರಿಗಿಂತ ಮೇಲಿರುತ್ತದೆ. ಅದು ನಿಧಾನವಾಗಿ ಹಿಂದಕ್ಕೆ ಬಂದು ಒತ್ತಿದರೆ ಬಾನೆಟ್‌ನ ಅಂಚು, ಹೆಡ್‌ಲೈಟ್‌ನ ಮೇಲ್ಭಾಗ, ರೇಡಿಯೇಟರ್ ಮೇಲಿನ ಪಟ್ಟಿ ಮೊದಲು ಮಡಚಿಕೊಳ್ಳುತ್ತವೆ. ಕೆಳಗಿನ ಬಂಪರ್ ಬೀಮ್ ಬಹುಮಟ್ಟಿಗೆ ಉಳಿದಿರುತ್ತದೆ. ಚಕ್ರವನ್ನು ಹಿಂದಕ್ಕೆ ದೂಡಬೇಕಾದರೆ ಪೆಟ್ಟು ಕೆಳಗೆ, ಒಂದು ಬದಿಗೆ, ವೇಗದಲ್ಲಿ ಬಿದ್ದಿರಬೇಕು: ಮರ, ಸೇತುವೆಯ ಕಟ್ಟೆ, ಡಿವೈಡರ್‌ನ ತುದಿ, ಇಲ್ಲವೇ ಎದುರಿನ ವಾಹನದ ಚಕ್ರ. ವೇಗ ಐದು ಪಟ್ಟಾದರೆ ಗುದ್ದಿನ ಶಕ್ತಿ ಇಪ್ಪತ್ತೈದು ಪಟ್ಟಾಗುತ್ತದೆ. ಗಂಟೆಗೆ 10 ಕಿ.ಮೀ. ವೇಗದ ರಿವರ್ಸ್ ಗುದ್ದಿಗೂ 50ರ ಗುದ್ದಿಗೂ ಅಷ್ಟು ಅಂತರ. ಅಲ್ಲದೆ ಟ್ರೇಲರ್ ಗುದ್ದಿದ್ದು ನಿಜವಾದರೆ ಅದರ ಬಣ್ಣವೋ ತುಕ್ಕೋ ಕಾರಿನ ತಗಡಿಗೆ ಬಳಿದಿರಬೇಕು. ಮರದ ತೊಗಟೆ, ಸಿಮೆಂಟಿನ ಬಿಳಿಪುಡಿ, ಬೇರೆ ಗಾಡಿಯ ಬಣ್ಣ, ಇವುಗಳಲ್ಲಿ ಏನಿದೆ ಎಂದು ಹುಡುಕಿ.

ಹೆಡ್‌ಲೈಟ್ ಒಡೆದಿದ್ದರೂ ಅದರ ಹ್ಯಾಲೊಜೆನ್ ಬಲ್ಬ್ ಸಿಕ್ಕರೆ ತೆಗೆದು ತಂತಿ ನೋಡಿ. ಉರಿಯುತ್ತಿದ್ದ ಬಲ್ಬಿನ ತಂತಿ ಬಿಸಿಗೆ ಮೆತ್ತಗಾಗಿರುತ್ತದೆ. ಗುದ್ದಿದ ಏಟಿಗೆ ಸುರುಳಿ ಜಗ್ಗಿ ಸೊಟ್ಟಗಾಗುತ್ತದೆ. ಆರಿದ್ದ ಬಲ್ಬಿನ ತಂತಿ ಹಾಗೇ ಉಳಿಯುತ್ತದೆ, ಇಲ್ಲವೇ ಕಡ್ಡಿ ಮುರಿದಂತೆ ನೇರವಾಗಿ ತುಂಡಾಗುತ್ತದೆ. ಉರಿಯುವಾಗಲೇ ಬಲ್ಬಿನ ಗಾಜು ಒಡೆದಿದ್ದರೆ ತಂತಿಯ ಸುತ್ತ ಹಳದಿ-ಬಿಳಿ ಪುಡಿ ಕಾಣುತ್ತದೆ. ರಾತ್ರಿ ನಿಲ್ಲಿಸಿ ಮಲಗಿದ ಕಾರಿನ ಹೆಡ್‌ಲೈಟ್ ಉರಿಯುತ್ತಿರಲು ಕಾರಣವೇ ಇಲ್ಲ.

ಕಥೆಯ ಇನ್ನೊಂದು ಕಾಲು ನೋ ಕ್ಲೇಮ್ ಬೋನಸ್. ಅದು ಇನ್ನೂ ಕುಂಟು. ಈ ಬೋನಸ್ ಕ್ಲೇಮ್ ಮಾಡದ ವರ್ಷಗಳಿಗೆ ತಕ್ಕಂತೆ ಶೇ. 20, 25, 35, 45, ಕೊನೆಗೆ ಶೇ. 50ರವರೆಗೆ ಏರುತ್ತದೆ. ಆದರೆ ಈ ರಿಯಾಯಿತಿ ಸಿಗುವುದು ಪ್ರೀಮಿಯಮ್‌ನ ಸ್ವಂತ ಹಾನಿಯ ಭಾಗಕ್ಕೆ ಮಾತ್ರ. ಥರ್ಡ್ ಪಾರ್ಟಿ ಭಾಗಕ್ಕಿಲ್ಲ. ಇಷ್ಟು ಹಳೆಯ ಸ್ವಿಫ್ಟ್‌ಗೆ ಅದರಿಂದ ಉಳಿಯುವುದು ವರ್ಷಕ್ಕೆ ಕೆಲವು ಸಾವಿರ ರೂಪಾಯಿ. ಆ ಕೆಲವು ಸಾವಿರ ಉಳಿಸಲು ಲಕ್ಷಗಟ್ಟಲೆಯ ಕ್ಲೇಮ್ ಬಿಡುವವರಿಲ್ಲ. ಬಂಪರ್ ಗೀರಿಗೆ ಕ್ಲೇಮ್ ಮಾಡದಿರುವುದು ಜಾಣತನ. ಮುಂಭಾಗವೇ ಹೋದಾಗ ಆ ಲೆಕ್ಕ ಹೊಂದುವುದಿಲ್ಲ. ಮೇಲಾಗಿ ತಪ್ಪು ಟ್ರ್ಯಾಕ್ಟರಿನವರದ್ದೇ ಆಗಿದ್ದರೆ ಅವರ ಥರ್ಡ್ ಪಾರ್ಟಿ ವಿಮೆಯಿಂದಲೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ ನಷ್ಟ ಕೇಳಬಹುದಿತ್ತು.

ಹಾಗಾದರೆ ನಿಜವಾಗಿ ಏನಾಗಿರಬಹುದು? ಇಂಥ ಗಾಡಿಗಳ ಹಿಂದೆ ಸಾಮಾನ್ಯವಾಗಿ ಇರುವ ಸಂಗತಿಗಳು ಹೆಚ್ಚಿಲ್ಲ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದಿರಬಹುದು. ಆಗ ಸ್ವಂತ ಗಾಡಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಕ್ಲೇಮ್ ಮಾಡಿ, ಅದು ತಿರಸ್ಕೃತವಾಗಿರಬಹುದು: ಓಡಿಸಿದವರಿಗೆ ಲೈಸೆನ್ಸ್ ಇಲ್ಲ, ಕುಡಿದಿದ್ದರು, ಖಾಸಗಿ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದರು ಎಂಬ ಕಾರಣಗಳಿಗೆ. ಅಥವಾ ಕ್ಲೇಮ್ ಪೂರ್ತಿ ಸಂದಾಯವಾಗಿ ಗಾಡಿ ಸಾಲ್ವೇಜ್ ಆಗಿ, ಅಂದರೆ ಕೆಟ್ಟ ಸ್ಥಿತಿಯಲ್ಲೇ ಗುಜರಿ ಲೆಕ್ಕದಲ್ಲಿ, ಕೈ ಬದಲಿಸಿರಬಹುದು. ನಮ್ಮಲ್ಲಿ ರಿಪೇರಿ ವೆಚ್ಚ ಐಡಿವಿಯ, ಅಂದರೆ ಪಾಲಿಸಿಯಲ್ಲಿ ನಮೂದಾದ ಗಾಡಿಯ ಮೌಲ್ಯದ, ಶೇ. 75 ದಾಟಿದರೆ ವಿಮೆ ಪಾಲಿಸಿಯ ಪ್ರಕಾರ ಅದು ಟೋಟಲ್ ಲಾಸ್. ಐಡಿವಿ 3.40 ಲಕ್ಷ ಎಂದುಕೊಂಡರೆ ಮಿತಿ 2.55 ಲಕ್ಷ. ಏರ್‌ಬ್ಯಾಗ್ ಬಿಚ್ಚಿದ, ಚಕ್ರ ಸರಿದ ಗಾಡಿಯ ಶೋರೂಮ್ ಎಸ್ಟಿಮೇಟ್ ಈ ಮಿತಿ ಮುಟ್ಟುವುದು ಕಷ್ಟವೇನಲ್ಲ. ಟೋಟಲ್ ಲಾಸ್ ಎಂದರೆ ಗಾಡಿ ಇನ್ನು ರಿಪೇರಿಯೇ ಆಗದು ಎಂದು ತಿಳಿಯುವುದೂ ತಪ್ಪು. ಅದು ಕೂಡು-ಕಳೆಯ ತೀರ್ಮಾನ. ಆದರೆ ಅದನ್ನು ಮುಚ್ಚಿಟ್ಟು ಮಾರಿದರೆ ನೀವು ಟೋಟಲ್ ಲಾಸ್ ಗಾಡಿಗೆ ಬರೀ ಗುದ್ದಿದ ಗಾಡಿಯ ಬೆಲೆ ಕೊಟ್ಟಂತೆ.

ಇವೆಲ್ಲಕ್ಕಿಂತ ಭಾರವಾದದ್ದು ಪೊಲೀಸ್ ಕೇಸು. ಯಾರಾದರೂ ಸತ್ತಿದ್ದರೆ, ಗಾಯಗೊಂಡಿದ್ದರೆ ಎಫ್‌ಐಆರ್ ಆಗುತ್ತದೆ, ಸ್ಥಳ ಮಹಜರು ಆಗುತ್ತದೆ, ಮೋಟಾರು ವಾಹನ ನಿರೀಕ್ಷಕರು ಗಾಡಿ ಪರೀಕ್ಷಿಸಿ ಐಎಂವಿ ವರದಿ ಕೊಡುತ್ತಾರೆ. ಆಮೇಲೆ ನ್ಯಾಯಾಲಯ ಗಾಡಿಯನ್ನು ಬಾಂಡ್ ಬರೆಸಿಕೊಂಡು ಮಾಲೀಕರ ಮಧ್ಯಂತರ ವಶಕ್ಕೆ ಬಿಡುತ್ತದೆ. ಆ ಆದೇಶದಲ್ಲಿ ಮಾರಬಾರದು, ರೂಪ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು ಎಂಬ ಷರತ್ತು ಇರುವುದು ರೂಢಿ. ಅಂಥ ಗಾಡಿಯನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಕೊಂಡರೆ ಹೆಸರು ವರ್ಗಾವಣೆಯೂ ಸಿಕ್ಕಿಬೀಳುತ್ತದೆ, ನೀವೂ ಸಿಕ್ಕಿಬೀಳುತ್ತೀರಿ. ಠಾಣೆಯ ಅಂಗಳದಲ್ಲಿ ಬಿದ್ದಿದ್ದ ಗಾಡಿಗಳ ಗಾಜಿನ ಮೇಲೆ, ಬಾಗಿಲ ಮೇಲೆ ಕ್ರೈಂ ನಂಬರನ್ನು ಪೇಂಟ್‌ನಲ್ಲಿ ಬರೆದಿರುತ್ತಾರೆ. ಕೆರೆದು ಅಳಿಸಿದರೂ ಓರೆಯಾಗಿ ಬ್ಯಾಟರಿ ಬಿಟ್ಟು ನೋಡಿದರೆ ಅಂಕಿಗಳ ನೆರಳು ಕಾಣುತ್ತದೆ.

ಕೊನೆಯದು ನಂಬರಿನ ದಂಧೆ. ಜಜ್ಜಿದ ಗಾಡಿಯ ಆರ್‌ಸಿ ಮತ್ತು ಚಾಸಿ ನಂಬರಿಗಾಗಿಯೇ ಕೊಳ್ಳುವವರಿದ್ದಾರೆ. ಅದೇ ಮಾದರಿಯ, ಅದೇ ಬಣ್ಣದ ಗಾಡಿ ಕದ್ದು, ಅದಕ್ಕೆ ಈ ನಂಬರ್ ಕೊರೆದು ಮಾರುತ್ತಾರೆ. ನಿಮಗೆ ತೋರಿಸಿದ ಗಾಡಿಯ ನಂಬರ್ ಈಗಾಗಲೇ ಇನ್ನೊಂದು ಗಾಡಿಯ ಮೇಲೆ ಓಡುತ್ತಿದ್ದರೆ ಅದನ್ನು ಹಿಡಿಯುವ ಸುಲಭ ದಾರಿ ಇ-ಚಲನ್. ಅಪಘಾತವಾಗಿ ನಿಂತಿದೆ ಎಂದು ಹೇಳುವ ದಿನದ ನಂತರದ ದಂಡ ಕಂಡರೆ ಅಲ್ಲಿಗೇ ವ್ಯವಹಾರ ನಿಲ್ಲಿಸಿ.

ಪರಿಶೀಲನೆಯನ್ನು ದುಡ್ಡು ಖರ್ಚಾಗದ ಕೆಲಸದಿಂದ ಶುರುಮಾಡಿ. ಪರಿವಾಹನ್ ತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಮಾಲೀಕರ ಸರದಿ, ನೋಂದಣಿ ದಿನಾಂಕ, ವಿಮೆಯ ಅವಧಿ, ಸಾಲದ ಟಿಪ್ಪಣಿ, ಬ್ಲ್ಯಾಕ್‌ಲಿಸ್ಟ್ ಇದ್ದರೆ ಅದೂ ಕಾಣುತ್ತದೆ. ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಆ ಟಿಪ್ಪಣಿ ತೆಗೆಸಲು ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. "ಆರ್‌ಸಿ ಕ್ಲಿಯರ್ ಇದೆ ಸಾರ್" ಎಂಬ ಮಾತಿಗೆ ಮರುಳಾಗಬೇಡಿ. ಬಳಕೆಗೆ ಬಾರದಂತೆ ನಾಶವಾದ ಗಾಡಿಯ ವಿಷಯವನ್ನು ಮಾಲೀಕರು 14 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಯಾರೂ ತಿಳಿಸದಿದ್ದರೆ ದಾಖಲೆಯಲ್ಲಿ ಅದು ಓಡುವ ಗಾಡಿಯೇ.

ಆಮೇಲೆ ವಿಮೆ ಪಾಲಿಸಿಯ ಪ್ರತಿ ಕೇಳಿ, ಅಪಘಾತದ ವರ್ಷದ್ದೂ ಅದರ ಮುಂದಿನ ವರ್ಷದ್ದೂ. ಮೊದಲನೆಯದರಲ್ಲಿ ಅದು ಸ್ವಂತ ಹಾನಿಯೂ ಸೇರಿದ ಕಾಂಪ್ರೆಹೆನ್ಸಿವ್ ಹೌದೇ, ಐಡಿವಿ ಎಷ್ಟು ಎಂದು ಸಿಗುತ್ತದೆ. ಎರಡನೆಯದರಲ್ಲಿ ನೋ ಕ್ಲೇಮ್ ಬೋನಸ್ ಕಾಲಂ ನೋಡಿ. ಶೇ. 45 ಇದ್ದದ್ದು ಸೊನ್ನೆಗೆ ಇಳಿದಿದ್ದರೆ ನಡುವೆ ಕ್ಲೇಮ್ ಆಗಿರುವ ಸಾಧ್ಯತೆಯೇ ಹೆಚ್ಚು; ಪಾಲಿಸಿ ಮುಗಿದು 90 ದಿನ ಬಿಟ್ಟು ನವೀಕರಿಸಿದರೂ ಸೊನ್ನೆಯಾಗುತ್ತದೆ, ಹಾಗಾಗಿ ದಿನಾಂಕಗಳನ್ನೂ ಹೊಂದಿಸಿ ನೋಡಿ. ಬೋನಸ್ ಮಾಲೀಕರಿಗೆ ಸೇರಿದ್ದು. ಗಾಡಿಯ ಜೊತೆ ನಿಮಗೆ ಬರುವುದಿಲ್ಲ.

ಕೇಸಿನ ವಿಚಾರಕ್ಕೆ ಕರ್ನಾಟಕ ಪೊಲೀಸ್ ತಾಣದಲ್ಲಿ ಎಫ್‌ಐಆರ್ ಹುಡುಕುವ ಸೌಲಭ್ಯವಿದೆ. ಇ-ಕೋರ್ಟ್ಸ್ ತಾಣದಲ್ಲಿ ಹಾವೇರಿ ಜಿಲ್ಲೆ ಆರಿಸಿ, ಆರ್‌ಸಿಯಲ್ಲಿರುವ ಮಾಲೀಕರ ಹೆಸರು ಹಾಕಿ. ಪರಿಹಾರದ ಅರ್ಜಿಗಳು ಎಂವಿಸಿ ಎಂಬ ಗುರುತಿನಡಿ ಬರುತ್ತವೆ. ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೆ ಅಲ್ಲೂ ನೋಡಬೇಕು, ಆದ್ದರಿಂದ ಊರು ಯಾವುದು ಎಂಬುದನ್ನು ಮಾರುವವರ ಬಾಯಿಂದ ಹೊರಡಿಸಿ. ಕದ್ದ ಗಾಡಿ ಅಲ್ಲ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ್ ಸಮನ್ವಯ್ ಸೇವೆ ಇದೆ. ನೋಂದಣಿ, ಚಾಸಿ, ಎಂಜಿನ್ ಸಂಖ್ಯೆ ಕೊಟ್ಟು ವರದಿ ತೆಗೆಯಬಹುದು. ಮಾಲೀಕರ ಒಪ್ಪಿಗೆಯೊಂದಿಗೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಹಿಸ್ಟರಿ ಕೇಳಿದರೆ 61,000 ಕಿ.ಮೀ. ನಿಜವೇ ಎಂಬುದೂ, ಈ ಅಪಘಾತಕ್ಕೆ ಅಲ್ಲೇ ಎಸ್ಟಿಮೇಟ್ ಆಗಿತ್ತೇ ಎಂಬುದೂ ಗೊತ್ತಾಗುತ್ತದೆ.

ಚಾಸಿ ನಂಬರನ್ನು ಆರ್‌ಸಿಯಲ್ಲಿ ಓದಿ ಸುಮ್ಮನಾಗಬೇಡಿ, ಲೋಹದ ಮೇಲೆ ಓದಿ. 17 ಅಕ್ಷರ-ಅಂಕಿಗಳಿರುತ್ತವೆ. ಐ, ಓ, ಕ್ಯೂ ಅಕ್ಷರಗಳು ಇರುವಂತಿಲ್ಲ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಅಕ್ಷರಗಳ ಆಳ, ಅಂತರ ಒಂದೇ ಸಮ ಇರಬೇಕು. ಸುತ್ತ ಗ್ರೈಂಡರ್ ಗೀರು, ಹೊಸ ಬಣ್ಣ, ತಗಡಿನ ತುಂಡು ಕತ್ತರಿಸಿ ಕೂರಿಸಿದ ವೆಲ್ಡಿಂಗ್ ಕಂಡರೆ ಮುಂದೆ ಹೋಗಬೇಡಿ.

ಸಹಿ ಮಾಡಿಟ್ಟ ಫಾರಂ 29, 30 ಮಾಲೀಕತ್ವ ಅಲ್ಲ. ಮಾಲೀಕರು ಮಸ್ಕತ್‌ನಲ್ಲಿದ್ದರೆ ವಿಡಿಯೊ ಕಾಲ್ ಮಾಡಿಸಿ, ಆರ್‌ಸಿ ಮತ್ತು ಗುರುತಿನ ಚೀಟಿ ಜೊತೆಗೆ ಮುಖ ನೋಡಿ, ಅಪಘಾತದ ದಿನ ಯಾವುದು, ಊರು ಯಾವುದು, ಓಡಿಸುತ್ತಿದ್ದವರು ಯಾರು ಎಂದು ನೇರವಾಗಿ ಕೇಳಿ. ಬ್ರೋಕರ್ ಎದುರಿಗಿದ್ದು ಉತ್ತರ ತಿದ್ದುತ್ತಿದ್ದರೆ ಅದನ್ನೂ ಗಮನಿಸಿ. ಹಣ ಆರ್‌ಸಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಹೋಗಲಿ. ಕೊಂಡ ಮೇಲೆ 30 ದಿನದೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಬೇಕು, ಅದಕ್ಕೆ ಚಾಲ್ತಿ ವಿಮೆ ಬೇಕು. ಆ ವಿಮೆಯ ಗತಿ ಏನು ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಈಗ ನಿಮ್ಮ ಮೇಸ್ತ್ರಿಯ 1.40 ಲಕ್ಷಕ್ಕೆ ಬರೋಣ. ಅವನ ಕೈಗುಣದ ಮೇಲೆ ನನಗೆ ಅನುಮಾನವಿಲ್ಲ. ಆದರೆ ಈ ಲೆಕ್ಕದಲ್ಲಿ ಏರ್‌ಬ್ಯಾಗ್ ಸೇರಿದೆಯೇ ಎಂದು ಕೇಳಿ. ಸೇರಿರಲಿಕ್ಕಿಲ್ಲ. ಸರಿಯಾಗಿ ಮಾಡಬೇಕಾದರೆ ಎರಡೂ ಬ್ಯಾಗ್, ಎರಡೂ ಪ್ರೀಟೆನ್ಷನರ್ ಬೆಲ್ಟ್, ಎಸ್‌ಆರ್‌ಎಸ್ ಮಾಡ್ಯೂಲ್, ಮುಂದಿನ ಸೆನ್ಸರ್, ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್, ಒಡೆದ ಡ್ಯಾಶ್‌ಬೋರ್ಡ್, ಇಷ್ಟೂ ಹೊಸದಾಗಿ ಬರಬೇಕು. ಇದನ್ನು ತಪ್ಪಿಸಲು ನಡೆಯುವ ಅಡ್ಡದಾರಿ ಹೀಗಿದೆ: ಬ್ಯಾಗಿನ ಜಾಗದಲ್ಲಿ ಎರಡು-ಮೂರು ಓಮ್‌ನ ರೆಸಿಸ್ಟರ್ ಸಿಕ್ಕಿಸಿ ಮಾಡ್ಯೂಲ್‌ಗೆ ಬ್ಯಾಗ್ ಇದೆ ಎಂಬ ಭ್ರಮೆ ಹುಟ್ಟಿಸುತ್ತಾರೆ, ಖಾಲಿ ಸ್ಟೀರಿಂಗ್ ಮುಚ್ಚಳ ಅಂಟಿಸುತ್ತಾರೆ. ಇಲ್ಲವೇ ಎಚ್ಚರಿಕೆ ದೀಪವನ್ನೇ ಕಿತ್ತುಹಾಕುತ್ತಾರೆ. ಸರಿ ಇರುವ ಗಾಡಿಯಲ್ಲಿ ಕೀಲಿ ಆನ್ ಮಾಡಿದಾಗ ಆ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಉರಿಯದೇ ಇದ್ದರೂ ದೋಷ, ಆರದೇ ಇದ್ದರೂ ದೋಷ, ಇನ್ನೊಂದು ದೀಪದ ಜೊತೆಜೊತೆಗೇ ಆರಿದರೆ ವೈರ್ ಅದಕ್ಕೆ ಕಟ್ಟಿದ್ದಾರೆ ಎಂದು ಅನುಮಾನಿಸಿ. ರೆಸಿಸ್ಟರ್ ಹಾಕಿದ ಗಾಡಿಯಲ್ಲಿ ದೀಪವೂ ಸರಿಯಾಗಿ ನಡೆದುಕೊಳ್ಳುತ್ತದೆ, ಅದೇ ಅದರ ಅಪಾಯ. ಮನೆಯವರನ್ನು ಕೂರಿಸಿಕೊಂಡು ಓಡಿಸುವ ಗಾಡಿಯಲ್ಲಿ ಈ ಕೆಲಸಕ್ಕೆ ದಯವಿಟ್ಟು ಒಪ್ಪಬೇಡಿ.

ಬಾಡಿಯ ವಿಷಯದಲ್ಲಿ ಟೇಪ್ ಒಂದೇ ಸಾಕು, ಅರ್ಧ ಸತ್ಯ ಅದರಲ್ಲೇ ಹೊರಬೀಳುತ್ತದೆ. ಸ್ವಿಫ್ಟ್‌ನ ವೀಲ್‌ಬೇಸ್ 2,450 ಮಿ.ಮೀ. ಚಕ್ರಗಳನ್ನು ನೇರ ನಿಲ್ಲಿಸಿ ಬಲಗಡೆ ಮುಂದಿನ ಹಬ್‌ನ ನಡುವಿನಿಂದ ಹಿಂದಿನ ಹಬ್‌ನ ನಡುವಿಗೆ ಅಳೆಯಿರಿ, ಆಮೇಲೆ ಎಡಗಡೆ. ಎಡ ಕಡಿಮೆ ಬಂದೇ ಬರುತ್ತದೆ. ಆ ಕೊರತೆ ಬರೀ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಮತ್ತು ಕ್ರಾಸ್ ಮೆಂಬರ್ ಬಾಗಿದ್ದರಿಂದಲೇ, ಬಾಡಿಯೇ ಸರಿದಿದ್ದರಿಂದಲೇ ಎಂಬುದು ಪ್ರಶ್ನೆ. ಅದಕ್ಕೆ ಎಡ ಮುಂಬಾಗಿಲು ನೋಡಿ. ತೆರೆದಾಗ ಬಾಗಿಲು ಕೆಳಗಿಳಿಯುತ್ತದೆಯೇ, ಮುಚ್ಚುವಾಗ ಎತ್ತಿ ಒತ್ತಬೇಕೇ, ಮುಂದಿನ ಪಿಲ್ಲರ್ ಮತ್ತು ಬಾಗಿಲ ನಡುವಿನ ಸಂದು ಮೇಲೊಂದು ಕೆಳಗೊಂದು ಆಗಿದೆಯೇ? ಮ್ಯಾಟ್ ಎತ್ತಿ ಕಾಲಿಡುವ ಜಾಗದ ತಗಡಿನಲ್ಲಿ ಸುಕ್ಕು ಇದೆಯೇ? ಎರಡು ಬಾಗಿಲುಗಳ ನಡುವಿನ ಕಂಬದ (ಬಿ ಪಿಲ್ಲರ್) ಮೇಲೆ ಛಾವಣಿಯಲ್ಲಿ ಸಣ್ಣ ಮಡಿಕೆ ಬಿದ್ದಿದೆಯೇ? ಎಂಜಿನ್ ಕೋಣೆಯಲ್ಲಿ ಎಡಮುಂದಿನಿಂದ ಬಲಹಿಂದಕ್ಕೆ, ಬಲಮುಂದಿನಿಂದ ಎಡಹಿಂದಕ್ಕೆ ಒಂದೇ ಜೋಡಿ ಬೋಲ್ಟ್ ರಂಧ್ರಗಳ ಕರ್ಣ ಅಳೆಯಿರಿ. ರಿಪೇರಿಯ ನಂತರ ಈ ಎರಡರ ಅಂತರ ಮೂರು ಮಿ.ಮೀ. ಒಳಗೆ ಬರಬೇಕು ಎಂಬುದು ಬಾಡಿ ಕೆಲಸದ ಸಾಮಾನ್ಯ ಮಟ್ಟ.

ಮುಂದಿನ ಲಾಂಗ್ ಮೆಂಬರ್‌ನ ತುದಿ, ರೇಡಿಯೇಟರ್ ಸಪೋರ್ಟ್, ಏಪ್ರನ್ ಜಜ್ಜಿದ್ದರೆ ಬದಲಾಯಿಸಬಹುದು. ಅವು ಇರುವುದೇ ಪೆಟ್ಟು ತಿನ್ನಲು. ಪಿಲ್ಲರ್, ಸಿಲ್ (ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ), ನೆಲ ಸರಿದಿದ್ದರೆ ಮಾತು ಬೇರೆ. ಕೂರುವ ಜಾಗದ ಸುತ್ತ ಬಳಸುವ ಹೆಚ್ಚು ಬಲದ ಉಕ್ಕನ್ನು ಗ್ಯಾಸ್ ಕಟರ್‌ನಲ್ಲಿ ಕೆಂಪಗೆ ಕಾಯಿಸಿ ಬಡಿದರೆ ಆಕಾರ ಬರುತ್ತದೆ, ಬಲ ಹೋಗುತ್ತದೆ. ಮೇಲೆ ಪುಟ್ಟಿ, ಬಣ್ಣ ಬಿದ್ದ ಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಮುಂದಿನ ಸಲ ಗುದ್ದಿದಾಗ ಮಾತ್ರ ಕಾಣುತ್ತದೆ. ಪಿಲ್ಲರ್ ಅಥವಾ ಸಿಲ್ ಸರಿದಿದ್ದರೆ ಎಷ್ಟೇ ಅಗ್ಗವಾದರೂ ಈ ಗಾಡಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

"ಎಂಜಿನ್ ಸ್ಟಾರ್ಟ್ ಆಗುತ್ತೆ, ನೋಡಿ" ಎಂದು ಬ್ರೋಕರ್ ಕೀಲಿ ತಿರುಗಿಸಲು ಬಂದರೆ ತಡೆಯಿರಿ. ರೇಡಿಯೇಟರ್ ಒಡೆದಿದೆ, ಕೂಲಂಟ್ ಇಲ್ಲ, ಆಯಿಲ್ ಸಂಪ್ ಬಿರುಕು ಬಿಟ್ಟಿದೆಯೇ ಗೊತ್ತಿಲ್ಲ. ಉಳಿದಿರಬಹುದಾದ ಎಂಜಿನ್ ಆ ಎರಡು ನಿಮಿಷದಲ್ಲಿ ಹೋಗಬಹುದು. ಎಂಜಿನ್-ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಮತ್ತು ಎಂಜಿನ್ ಮೌಂಟ್‌ಗಳನ್ನು ಕೆಳಗಿನಿಂದ ನೋಡಿದರೆ ಸಾಕು.

ನಿಮ್ಮ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕೋಣ. ಒಳ್ಳೆಯ ಗಾಡಿ 5 ಲಕ್ಷ. ಇಷ್ಟು ದೊಡ್ಡ ಅಪಘಾತವಾದ ಗಾಡಿಯನ್ನು ಮುಂದೆ ನೀವು ಪ್ರಾಮಾಣಿಕವಾಗಿ ಹೇಳಿ ಮಾರಿದರೆ 4 ಲಕ್ಷ ಬಂದರೆ ಹೆಚ್ಚು. ಏರ್‌ಬ್ಯಾಗ್ ಸಾಮಾನು ಸೇರಿಸಿ ಎಸ್ಟಿಮೇಟ್ 2.60 ಲಕ್ಷ ಬಂತು ಎಂದುಕೊಳ್ಳಿ. ಬಿಚ್ಚಿದ ಮೇಲೆ ಹೊರಬರುವ ಹಾನಿಗೆ 40,000 ಸೇರಿಸಿ. 3 ಲಕ್ಷವಾಯಿತು. ಟೋಯಿಂಗ್, ವರ್ಗಾವಣೆ, ವಿಮೆ, ತಿಂಗಳುಗಟ್ಟಲೆ ಗ್ಯಾರೇಜ್ ಓಡಾಟಕ್ಕೆ 30,000. ಉಳಿದದ್ದು 70,000. ಗಾಡಿ ಸ್ವಚ್ಛ ಎಂದು ಸಾಬೀತಾದರೂ ಅದರ ಬೆಲೆ ಅಷ್ಟೇ. ಅವರು ಕೇಳುತ್ತಿರುವುದು ಅದರ ಎರಡೂವರೆ ಪಟ್ಟು.

ಆದ್ದರಿಂದ ನಿಮ್ಮ ಮುಂದಿರುವ ದಾರಿಗಳಲ್ಲಿ ಬಿಟ್ಟುಬಿಡುವುದೇ ನನ್ನ ಮೊದಲ ಸಲಹೆ. ಗಾಡಿಗೂ ಮೇಸ್ತ್ರಿಗೂ ಸೇರಿ ನೀವು ಹಾಕಲು ಹೊರಟಿದ್ದ 3.15 ಲಕ್ಷದ ಬಂಡವಾಳಕ್ಕೆ ಇನ್ನೂ ಹಳೆಯದಾದರೂ ಗುದ್ದದ ಗಾಡಿ ಸಿಗುತ್ತದೆ. ನಿಮ್ಮ ಬಳಿ ಇದೇ ಮಾದರಿಯ ಇನ್ನೊಂದು ಗಾಡಿ ಇದ್ದು ಎಂಜಿನ್, ಗೇರ್‌ಬಾಕ್ಸ್, ಹಿಂಬಾಗಿಲು ಬೇಕಾಗಿದ್ದರೆ ಬಿಡಿಭಾಗಕ್ಕೆಂದು ಕೊಳ್ಳಬಹುದು. ಆಗಲೂ ಆರ್‌ಸಿಯನ್ನು ಮಾಲೀಕರಿಂದಲೇ ರದ್ದು ಮಾಡಿಸಬೇಕು, ಇಲ್ಲದಿದ್ದರೆ ಆ ನಂಬರ್ ನಿಮ್ಮ ಬೆನ್ನು ಬಿಡುವುದಿಲ್ಲ. ಎಲ್ಲ ದಾಖಲೆ ಸರಿ ಬಂದು, ಪಿಲ್ಲರ್ ನೇರವಿದ್ದು, ಬೆಲೆ ಮೇಲೆ ಹೇಳಿದ ಮಟ್ಟಕ್ಕೆ ಇಳಿದರೆ ಮಾತ್ರ ರಿಪೇರಿ ಮಾಡಿ ಓಡಿಸುವ ಯೋಚನೆ ಮಾಡಿ. ಆಗ ಬಾಡಿಯನ್ನು ಬಿಗಿದು ನೇರ ಮಾಡುವ ಬೆಂಚ್ ಇರುವ ಗ್ಯಾರೇಜಿನಲ್ಲಿ ಎಳೆಸಿ, ಏರ್‌ಬ್ಯಾಗ್ ಸಾಮಾನಿನ ಬಿಲ್ ನಿಮ್ಮ ಕೈಯಲ್ಲಿರಲಿ, ಕೊನೆಗೆ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷದ ಹಿಂದು-ಮುಂದಿನ ವಾಲು) ಸೇರಿದಂತೆ ವೀಲ್ ಅಲೈನ್‌ಮೆಂಟ್ ಪ್ರಿಂಟ್ ತೆಗೆದುಕೊಳ್ಳಿ.

ಮುಂಗಡದ 10,000 ವಾಪಸ್ ಬರುವ ಅವಕಾಶ ಇನ್ನೂ ಇದೆ, ಜಗಳಕ್ಕೆ ಹೋಗಬೇಡಿ. ಇವತ್ತೇ ಬ್ರೋಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆದು ಕಳಿಸಿ: "ಇಂಥ ದಿನ ಇಂಥ ನಂಬರಿನ ಗಾಡಿಗೆ 10,000 ಮುಂಗಡ ಕೊಟ್ಟಿದ್ದೇನೆ. ನಿಲ್ಲಿಸಿದ್ದಾಗ ಟ್ರೇಲರ್ ಗುದ್ದಿದೆ, ವಿಮೆ ಕ್ಲೇಮ್ ಆಗಿಲ್ಲ ಎಂದು ನೀವು ಹೇಳಿದ ಮೇಲೆ ಕೊಟ್ಟದ್ದು. ಎರಡು ವರ್ಷದ ಪಾಲಿಸಿ ಪ್ರತಿ, ಅಪಘಾತದ ದಿನಾಂಕ ಮತ್ತು ಸ್ಥಳ, ಪೊಲೀಸ್ ಕೇಸು ಇಲ್ಲ ಎಂದು ಮಾಲೀಕರ ಸಹಿಯ ಪತ್ರ ಕಳಿಸಿ. ಇದರಲ್ಲಿ ಯಾವುದಾದರೂ ಹೊಂದದಿದ್ದರೆ ಮುಂಗಡ ಹಿಂತಿರುಗಿಸಿ." ಹಣ ಕಳಿಸಿದ ಯುಪಿಐ ರಸೀದಿಯನ್ನೂ ಅದರ ಕೆಳಗೇ ಹಾಕಿ. ಅವರು ಫೋನ್ ಮಾಡಿ ಮಾತಿನಲ್ಲೇ ಮುಗಿಸಲು ನೋಡಿದರೆ, ಹೇಳಿದ್ದನ್ನು ಬರೆದು ಕಳಿಸಿ ಎನ್ನಿ. ಉತ್ತರ ಬರುವವರೆಗೆ ಗಾಡಿಯನ್ನು ನಿಮ್ಮ ಮೇಸ್ತ್ರಿಯ ಗ್ಯಾರೇಜಿಗೆ ಸಾಗಿಸಲು ಒಪ್ಪಬೇಡಿ.